ಕಾರ್ಡಿಫ್‌ನಲ್ಲಿ ಮನೆ ಹುಡುಕುವ ಮೊದಲು ಟಾಫ್ ನದಿಯ ಪರಿಚಯ ಮಾಡಿಕೊಳ್ಳಿ

ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಹೊಸದಾಗಿ ಬಂದ ನಮ್ಮವರು ಕೇಳುವ ಮೊದಲ ಪ್ರಶ್ನೆ, ಮನೆ ಎಲ್ಲಿ ಮಾಡೋಣ ಅಂತ. ಎರಡನೆಯದು, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ. ಅಕ್ಕಿಯ ವಿಚಾರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ. ಮನೆಯ ಪ್ರಶ್ನೆಗೆ ಮಾತ್ರ ನಾನು ನದಿಯಿಂದ ಶುರು ಮಾಡುತ್ತೇನೆ. ಈ ಊರು ಯಾಕೆ ಇಲ್ಲಿದೆ, ರೈಲು ಯಾಕೆ ಹಾಗೆ ಹೋಗುತ್ತದೆ, ಯಾವ ಬೀದಿಗೆ ಯಾವಾಗ ನೀರು ನುಗ್ಗೀತು, ಇದೆಲ್ಲ ತಿಳಿಯುವುದು ಟಾಫ್‌ನಿಂದಲೇ.

ಉದ್ದ ಬರೀ 64 ಕಿಲೋಮೀಟರ್ ಆಸುಪಾಸು. ನೇತ್ರಾವತಿಯ ದಡದಲ್ಲಿ ಬೆಳೆದವರಿಗೂ ಇದು ಪುಟ್ಟ ಹೊಳೆಯೇ. ಆದರೆ ಹುಟ್ಟುವುದು ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ, 886 ಮೀಟರ್ ಎತ್ತರದ ಪೆನ್ ಎ ವಾನ್ ಶಿಖರದ ಮಗ್ಗುಲಲ್ಲಿ. ಟಾವ್ ವೌರ್, ಟಾವ್ ವೆಖನ್ ಎಂಬ ಎರಡು ಹೊಳೆಗಳು, ಅಂದರೆ ದೊಡ್ಡ ಟಾಫ್ ಮತ್ತು ಚಿಕ್ಕ ಟಾಫ್, ಮರ್ಥರ್ ಟಿಡ್‌ವಿಲ್ ಊರಿನ ಉತ್ತರಕ್ಕೆ ಕೂಡುತ್ತವೆ. ಅಲ್ಲಿಂದ ಕೆಳಗೆ ಅಬರ್‌ಕನನ್‌ನಲ್ಲಿ ಕನನ್ ನದಿ, ಪಾಂಟಿಪ್ರೀದ್‌ನಲ್ಲಿ ರೋಂದಾ ನದಿ ಬಂದು ಸೇರುತ್ತವೆ. ಮ್ಯಾಪಿನಲ್ಲಿ ಕಾರ್ಮಾರ್ಥನ್ ಕಡೆ ಇನ್ನೊಂದು ಟಾವ್ ಕಾಣುತ್ತದೆ. ಅದು ಬೇರೆ ನದಿ.

ಬೆಟ್ಟದ ಮೇಲೆ ವರ್ಷಕ್ಕೆ 2000 ಮಿಲಿಮೀಟರಿಗೂ ಮೇಲೆ ಮಳೆ. ಕಣಿವೆಗಳು ಇಕ್ಕಟ್ಟು, ಇಳಿಜಾರು ಕಡಿದು. ಹಾಗಾಗಿ ಮೇಲೆ ಸುರಿದ ನೀರು ಕೆಲವೇ ಗಂಟೆಗಳಲ್ಲಿ ಕೆಳಗಿನ ಊರುಗಳನ್ನು ಮುಟ್ಟುತ್ತದೆ. 2020ರ ಫೆಬ್ರುವರಿಯಲ್ಲಿ ಡೆನಿಸ್ ಬಿರುಗಾಳಿ ಬಂದಾಗ ನದಿ ನಲವತ್ತು ವರ್ಷಗಳಲ್ಲಿ ಕಾಣದಷ್ಟು ಏರಿ, ಪಾಂಟಿಪ್ರೀದ್ ಪೇಟೆಯ ಅಂಗಡಿಗಳೊಳಗೆ ನುಗ್ಗಿತು. 2024ರ ನವೆಂಬರ್‌ನಲ್ಲಿ ಬರ್ಟ್ ಬಿರುಗಾಳಿ ಬಂದಾಗ ಅದೇ ಊರು ಮತ್ತೆ ನೀರಲ್ಲಿ ನಿಂತಿತು.

ಆದ್ದರಿಂದ ಹೊಳೆ ಕಾಣುವ ಗ್ರೌಂಡ್ ಫ್ಲೋರ್ ಮನೆ ಅಗ್ಗಕ್ಕೆ ಸಿಕ್ಕಿತೆಂದು ಅಡ್ವಾನ್ಸ್ ಕೊಟ್ಟುಬಿಡಬೇಡಿ. ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಎಂಬ ಸರ್ಕಾರಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪ್ರವಾಹದ ಅಪಾಯ ಎಷ್ಟೆಂದು ಪುಕ್ಕಟೆಯಾಗಿ ತೋರಿಸುತ್ತದೆ. ಮುನ್ನೆಚ್ಚರಿಕೆ ಸಂದೇಶಕ್ಕೂ ಅಲ್ಲೇ ಹೆಸರು ನೋಂದಾಯಿಸಬಹುದು. 2020ರಲ್ಲಿ ಮನೆಯೊಳಗೆ ನೀರು ಬಂದಿತ್ತೇ ಎಂದು ಏಜೆಂಟರನ್ನು ನೇರವಾಗಿ ಕೇಳಿ, ಇಮೇಲ್‌ನಲ್ಲಿ ಕೇಳಿ. ಮಾಲೀಕರ ವಿಮೆ ಗೋಡೆಗಳಿಗೆ, ನಿಮ್ಮ ಮಂಚ, ಲ್ಯಾಪ್‌ಟಾಪ್, ರೇಷ್ಮೆ ಸೀರೆಗಳಿಗಲ್ಲ. ಅದಕ್ಕೆ ಬೇರೆಯೇ ಇನ್ಶೂರೆನ್ಸ್ ಮಾಡಿಸಬೇಕು.

ಅದೇ ಮಳೆ ನಲ್ಲಿಗೂ ಬರುತ್ತದೆ. ಟಾವ್ ವೌರ್ ಕಣಿವೆಯಲ್ಲಿ ಸಾಲಾಗಿ ಮೂರು ಜಲಾಶಯಗಳಿವೆ: ಕ್ಯಾಂಟ್ರೆವ್, ಬೀಕನ್ಸ್, ಲ್ವಿನ್ ಆನ್. 1892ರಿಂದ 1926ರ ನಡುವೆ ಕಾರ್ಡಿಫ್‌ಗೆ ಕುಡಿಯುವ ನೀರು ತರಲೆಂದೇ ಕಟ್ಟಿದವು. ಇಲ್ಲಿನ ನೀರು ಮೆದು. ಲಂಡನ್‌ನಿಂದ ಬಂದವರಿಗೆ ವ್ಯತ್ಯಾಸ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ: ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲ, ಬೇಳೆ ಸತಾಯಿಸದೆ ಬೇಯುತ್ತದೆ.

ಈಗ ಇತಿಹಾಸ. ಹೊಸಬರನ್ನು ಎಲ್ಲರೂ ಮೊದಲು ಕಾರ್ಡಿಫ್ ಬೇಗೆ ಕರೆದೊಯ್ದು ಐಸ್‌ಕ್ರೀಮ್ ಕೊಡಿಸುತ್ತಾರೆ. ನನ್ನ ಕೇಳಿದರೆ ಮೊದಲು ಮರ್ಥರ್ ರೈಲು ಹತ್ತಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ 18ನೇ ಶತಮಾನದಲ್ಲಿ ಮರ್ಥರ್ ಸುತ್ತ ಡೌಲೈಸ್, ಕವಾರ್ಥವಾ, ಪ್ಲಿಮತ್, ಪೆನಿಡ್ಯಾರನ್ ಎಂಬ ನಾಲ್ಕು ದೊಡ್ಡ ಕಬ್ಬಿಣದ ಕಾರ್ಖಾನೆಗಳು ಎದ್ದವು. 1801ರ ಜನಗಣತಿಯಲ್ಲಿ ಇಡೀ ವೇಲ್ಸ್‌ನ ಅತಿ ದೊಡ್ಡ ಊರು ಮರ್ಥರ್. ಆಗ ಕಾರ್ಡಿಫ್ ಲೆಕ್ಕಕ್ಕೇ ಇರಲಿಲ್ಲ.

ಕಬ್ಬಿಣವನ್ನು ಸಮುದ್ರಕ್ಕೆ ಸಾಗಿಸುವುದೇ ತಲೆನೋವು. ಬಂಡೆ, ಇಳಿಜಾರು ತುಂಬಿದ ಟಾಫ್‌ನಲ್ಲಿ ದೋಣಿ ನಡೆಯದು. 1794ರಲ್ಲಿ ಪಕ್ಕದಲ್ಲೇ ಕಾಲುವೆ ತೋಡಿದರು. ಸುಮಾರು 40 ಕಿಲೋಮೀಟರ್ ಉದ್ದ, ದೋಣಿಯನ್ನು ಏರಿಸಿ ಇಳಿಸುವ ಲಾಕ್ ಎಂಬ ಗೇಟುಕಟ್ಟೆಗಳು ಐವತ್ತರಷ್ಟು, ಪ್ರತಿಯೊಂದರಲ್ಲೂ ದೋಣಿಗಳ ಕ್ಯೂ. ಬೇಸತ್ತ ಕಾರ್ಖಾನೆಯವರು ಅಬರ್‌ಕನನ್‌ವರೆಗೆ ಕುದುರೆ ಎಳೆಯುವ ಟ್ರಾಮ್ ಹಳಿ ಹಾಕಿಕೊಂಡರು. ಅದೇ ಹಳಿಯ ಮೇಲೆ 1804ರ ಫೆಬ್ರುವರಿ 21ರಂದು ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಉಗಿಬಂಡಿ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಎಳೆದುಕೊಂಡು ಹೋಯಿತು. ಹಳಿಯ ಮೇಲೆ ಉಗಿಯಂತ್ರ ಹೊರೆ ಎಳೆದ ಮೊದಲ ಓಟ ಅದೇ. ಬಂಡಿಯ ಭಾರಕ್ಕೆ ಎರಕದ ಹಳಿಗಳು ಮುರಿಯತೊಡಗಿ, ಮತ್ತೆ ಕುದುರೆಗಳೇ ಬಂದವು ಅನ್ನಿ.

1841ರ ಹೊತ್ತಿಗೆ ಎಂಜಿನಿಯರ್ ಬ್ರುನೆಲ್‌ನ ಟಾಫ್ ವೇಲ್ ರೈಲುಮಾರ್ಗ ಮರ್ಥರ್ ತನಕ ಮುಗಿಯಿತು. ನೀವು ಇಂದು ಕೂರುವ ರೈಲು ಬಹುಪಾಲು ಅದೇ ದಾರಿಯದು. ಈ ಕಂಪನಿಯ ಹೆಸರು ಕಾನೂನು ಓದಿದವರಿಗೂ ಗೊತ್ತು. 1900ರಲ್ಲಿ ಇಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಕಂಪನಿ ಯೂನಿಯನ್ ಮೇಲೆಯೇ ದಾವೆ ಹಾಕಿ 1901ರಲ್ಲಿ ಗೆದ್ದಿತು. ಯೂನಿಯನ್ 23 ಸಾವಿರ ಪೌಂಡ್ ಪರಿಹಾರ ತೆರಬೇಕಾಯಿತು. ಆ ಸಿಟ್ಟಿನಲ್ಲಿ ಕಾರ್ಮಿಕ ಸಂಘಗಳು ಹೊಸ ಲೇಬರ್ ಪಕ್ಷದ ಬೆನ್ನಿಗೆ ನಿಂತವು, 1906ರಲ್ಲಿ ಕಾನೂನೇ ಬದಲಾಯಿತು. ನರ್ಸ್ ಕೆಲಸಕ್ಕೆ ಬಂದು ಯೂನಿಯನ್ ಫಾರ್ಮ್ ತುಂಬುವವರಿಗೆ ಈ ಕಥೆ ಹೇಳುವುದು ನನ್ನ ಚಾಳಿ.

ದಾರಿಯಲ್ಲಿ ಪಾಂಟಿಪ್ರೀದ್‌ನಲ್ಲಿ ಇಳಿದು ಹಳೆಯ ಸೇತುವೆ ನೋಡಿ. ಕಟ್ಟಿದವನು ವಿಲಿಯಂ ಎಡ್ವರ್ಡ್ಸ್, ರೈತ, ಪಾದ್ರಿ, ತಾನೇ ಕಲಿತ ಗಾರೆ ಕೆಲಸದವನು. ಕಂಬಗಳ ಮೇಲೆ ಕಟ್ಟಿದ ಮೊದಲ ಸೇತುವೆಗೆ ನೆರೆಯಲ್ಲಿ ತೇಲಿಬಂದ ಮರಗಳು ಅಡ್ಡ ಸಿಕ್ಕಿಕೊಂಡು, ನೀರು ಕಟ್ಟಿ, ಎಲ್ಲ ಕೊಚ್ಚಿಹೋಯಿತು. ಕಂಬವೇ ಬೇಡವೆಂದು ಒಂದೇ ಕಮಾನು ಹಾಕಲು ಹೊರಟ. ಅದು ಕಟ್ಟುವಾಗಲೇ ಬಿತ್ತು. ಮತ್ತೊಂದರಲ್ಲಿ ಎರಡೂ ಭುಜಗಳ ಭಾರಕ್ಕೆ ನಡುನೆತ್ತಿ ಮೇಲಕ್ಕೆ ಚಿಮ್ಮಿ ಕುಸಿಯಿತು. ನಾಲ್ಕನೆಯ ಸಲ ಪ್ರತಿ ಭುಜದಲ್ಲೂ ಮೂರು ಮೂರು ದುಂಡನೆಯ ತೂತು ಬಿಟ್ಟು ಭಾರ ಇಳಿಸಿದ. 1756ರ ಆ ಕಮಾನು, 43 ಮೀಟರ್ ಅಗಲ, ಇಂದಿಗೂ ನಿಂತಿದೆ. ದಡದಿಂದ ನೋಡಿದರೆ ತೂತುಗಳ ಆಚೆ ಆಕಾಶ ಕಾಣುತ್ತದೆ. ಮೇಲೆ ನಡೆದು ನೋಡಿ, ಏರು ಕಡಿದಾಗಿದೆ.

ಇದೇ ಕಣಿವೆಯಲ್ಲಿ ಆಬರ್‌ವಾನ್ ಎಂಬ ಊರಿದೆ. ಗಣಿ ತ್ಯಾಜ್ಯದ ಗುಡ್ಡವನ್ನು ನೀರಿನ ಒರತೆಯ ಮೇಲೆ ಪೇರಿಸಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಕೆಸರಾಗಿ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಜನ, ಅವರಲ್ಲಿ 116 ಮಕ್ಕಳು. ವಿಚಾರಣಾ ಮಂಡಳಿ ಹೊಣೆಯನ್ನು ಸರ್ಕಾರಿ ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಆದರೂ ಉಳಿದ ಗುಡ್ಡಗಳನ್ನು ತೆಗೆಸಲು ಸಂತ್ರಸ್ತರ ನಿಧಿಯಿಂದಲೇ ಒಂದೂವರೆ ಲಕ್ಷ ಪೌಂಡ್ ಕಿತ್ತುಕೊಂಡರು. ಅದು ವಾಪಸ್ ಬಂದದ್ದು 1997ರಲ್ಲಿ. ಶಾಲೆ ಇದ್ದ ಜಾಗದಲ್ಲಿ ಈಗ ಸ್ಮಾರಕ ಉದ್ಯಾನವಿದೆ. ಹೋಗಿ, ಆದರೆ ಸೆಲ್ಫಿ ತೆಗೆಯಬೇಡಿ. ಸಹೋದ್ಯೋಗಿಗಳಲ್ಲಿ ಆ ಕಡೆಯವರು ಇರಬಹುದು, ಅವರೇ ಮಾತು ತೆಗೆದರೆ ಮಾತ್ರ ಕೇಳಿಸಿಕೊಳ್ಳಿ.

ಕಾರ್ಡಿಫ್ ನಗರದೊಳಗೆ ನದಿ ಹರಿಯುವ ಜಾಗವೇ ಅದರದ್ದಲ್ಲ. ಕ್ವೇ ಸ್ಟ್ರೀಟ್, ಅಂದರೆ ಬಂದರುಕಟ್ಟೆ ಬೀದಿ, ಇದೆ, ನೀರಿಲ್ಲ. ರೈಲ್ವೆ ಸ್ಟೇಷನ್ನಿಗೆ ಜಾಗ ಮಾಡಲು ಬ್ರುನೆಲ್ ನದಿಯನ್ನೇ ಪಶ್ಚಿಮಕ್ಕೆ ತಳ್ಳಿದ. ಬಿಟ್ಟ ನೆಲದಲ್ಲಿ ಆರ್ಮ್ಸ್ ಪಾರ್ಕ್ ಎಂಬ ಆಟದ ಮೈದಾನ ಬೆಳೆಯಿತು, ಈಗಿನ ದೊಡ್ಡ ರಗ್ಬಿ ಸ್ಟೇಡಿಯಂ ಅದರ ಪಕ್ಕದಲ್ಲೇ. ಸ್ವಲ್ಪ ಮೇಲೆ, ಆಚೆ ದಡದಲ್ಲಿ, ಸೋಫಿಯಾ ಗಾರ್ಡನ್ಸ್ ಕ್ರಿಕೆಟ್ ಮೈದಾನ. ನಮ್ಮ ರಾಹುಲ್ ದ್ರಾವಿಡ್ ಕೊನೆಯ ಏಕದಿನ ಪಂದ್ಯ ಆಡಿದ್ದು ಇಲ್ಲೇ, 2011ರ ಸೆಪ್ಟೆಂಬರ್ 16ರಂದು, 69 ರನ್ ಹೊಡೆದು. ಪಂದ್ಯ ಸೋತೆವು, ಆ ಮಾತು ಬೇಡ.

ಕೊನೆಗೆ ನದಿ ಸೇರುವ 'ಬೇ' ಈಗ ಸಿಹಿನೀರಿನ ಕೆರೆ. ಮೊದಲು ಸಮುದ್ರದ ಇಳಿತದಲ್ಲಿ ಬರೀ ಕೆಸರುಬಯಲು, ಹಕ್ಕಿಗಳ ಮೇವಿನ ನೆಲ. 1999ರಲ್ಲಿ 1.1 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ ಸುಮಾರು 200 ಹೆಕ್ಟೇರ್ ನೀರು ನಿಲ್ಲಿಸಿದರು. ಊರಿಗೆ ಕಳೆ ಬಂತು, ಹಕ್ಕಿಗಳು ನೆಲೆ ಕಳೆದುಕೊಂಡವು. ಕಲ್ಲಿದ್ದಲ ಪುಡಿಯಿಂದ ಕಪ್ಪಾಗಿ ಹರಿಯುತ್ತಿದ್ದ ನದಿಗೆ ಗಣಿಗಳು ಮುಚ್ಚಿದ ಮೇಲೆ ಸಾಲ್ಮನ್ ಮೀನು ಮರಳಿದೆ. ಶರತ್ಕಾಲದಲ್ಲಿ ಬ್ಲ್ಯಾಕ್‌ವೇರ್ ಒಡ್ಡಿನ ಬಳಿ ಅವು ಜಿಗಿಯುವುದನ್ನು ನೋಡಬಹುದು. ಗಾಳ ಹಾಕಲು ಲೈಸೆನ್ಸ್ ಬೇಕು, ಸಾಲ್ಮನ್ ಸಿಕ್ಕರೆ ನೀರಿಗೇ ಬಿಡಬೇಕು. ಒಡ್ಡುಗಳ ಬುಡದಲ್ಲಿ ಸುಳಿ ಜೋರು, ಇಲಿ ಜ್ವರದ ಭಯವೂ ಇದೆ. ಬಿಸಿಲು ಬಂತೆಂದು ಈಜಲು ಇಳಿಯಬೇಡಿ.

ಗಣಪತಿಯನ್ನು ಹೊಳೆಗೆ ಬಿಡುವ ಆಸೆಯೂ ಬೇಡ, ಮನೆಯ ಬಕೆಟ್ಟೇ ಸಾಕು. ಅಸ್ಥಿ ವಿಸರ್ಜನೆಗೆ ಮಾತ್ರ ವ್ಯವಸ್ಥೆ ಇದೆ. ಹಿಂದೂಗಳು ಮತ್ತು ಸಿಖ್ಖರ ವರ್ಷಗಳ ಪ್ರಯತ್ನದಿಂದ ಲ್ಯಾಂಡಾಫ್ ರೋಯಿಂಗ್ ಕ್ಲಬ್ ಬಳಿ 2021ರಲ್ಲಿ ಟಾಫ್ ದಡದಲ್ಲೇ ಒಂದು ಅಧಿಕೃತ ಜಾಗವಾಯಿತು. ಅಲ್ಲಿಗೆ ಹೋಗುವ ಮುಂಚೆ ಕೇಳಿ ಸಮಯ ಗೊತ್ತು ಮಾಡಿಕೊಳ್ಳಿ. ನದಿ ತುಂಬಿದ ದಿನವಾದರೆ ಮುಂದೂಡಿ.