ಕುರಿಯ ರಕ್ತಕಣ ಹೇಳಿಕೊಟ್ಟ ಪಾಠ: ಫ್ಯಾಕ್ಟರ್ ಎಚ್ ಪರೀಕ್ಷೆಯ ನನ್ನ ಅನುಭವ

ಕಾಂಪ್ಲಿಮೆಂಟ್ ಎಂಬ ಪೂರಕ ವ್ಯವಸ್ಥೆಯ ಪ್ರೋಟೀನುಗಳು ರೋಗಾಣುವಿನ ಮೈಗೆ ಅಂಟಿಕೊಂಡು ಅದನ್ನು ತೂತು ಮಾಡುತ್ತವೆ ಎಂಬುದನ್ನು ತರಗತಿಯಲ್ಲಿಯೇ ಓದಿದ್ದೆ. ಅವು ನಮ್ಮದೇ ಜೀವಕೋಶಗಳನ್ನು ಏಕೆ ಬಿಟ್ಟುಬಿಡುತ್ತವೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಮಾತ್ರ ಕುರಿ ಮತ್ತು ಮೊಲದ ರಕ್ತದೊಂದಿಗೆ ಕೆಲವು ವಾರ ಹೆಣಗಿದ ಮೇಲೆ.

ನಮ್ಮ ಜೀವಕೋಶಗಳನ್ನು ಈ ದಾಳಿಯಿಂದ ಕಾಯುವ ಪ್ರೋಟೀನುಗಳಲ್ಲಿ ಒಂದು ಫ್ಯಾಕ್ಟರ್ ಎಚ್. ಅದರ ಕೆಲಸವನ್ನು ನೋಡುವ ಪರೀಕ್ಷೆ ಸರಳವಾಗಿದೆ. ತೊಳೆದ ಕೆಂಪು ಕಣಗಳಿಗೆ ಮನುಷ್ಯರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಕಾಂಪ್ಲಿಮೆಂಟ್ ಇರುವ ದ್ರವ) ಸೇರಿಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತಣ್ಣನೆಯ ಇಡಿಟಿಎ ದ್ರಾವಣದಿಂದ ಕ್ರಿಯೆಯನ್ನು ನಿಲ್ಲಿಸಿ, ಕಣಗಳನ್ನು ತಳಕ್ಕಿಳಿಸಿದ ಮೇಲೆ ಒಡೆದ ಕಣಗಳಿಂದ ತಿಳಿಗೆ ಸೇರಿದ ಹಿಮೋಗ್ಲೋಬಿನ್ನನ್ನು 414 ನ್ಯಾನೋಮೀಟರಿನಲ್ಲಿ ಅಳೆಯಬೇಕು. ಕಾಂಪ್ಲಿಮೆಂಟ್ ಚಾಲನೆಗೊಳ್ಳುವ ಮಾರ್ಗಗಳಲ್ಲಿ ನನಗೆ ಬೇಕಾಗಿದ್ದುದು ಪ್ರತಿಕಾಯಗಳ ನೆರವಿಲ್ಲದೆಯೂ ನಡೆಯುವ ಪರ್ಯಾಯ ಮಾರ್ಗವೊಂದೇ ಆದ್ದರಿಂದ ದ್ರಾವಣಕ್ಕೆ ಇಜಿಟಿಎ ಮತ್ತು ಮೆಗ್ನೀಸಿಯಮ್ ಹಾಕಿದೆ. ಇಜಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಕ್ಯಾಲ್ಸಿಯಮ್ ಬೇಡುವ, ಪ್ರತಿಕಾಯಗಳಿಂದ ಶುರುವಾಗುವ ಕ್ಲಾಸಿಕಲ್ ಮಾರ್ಗ ನಿಂತುಹೋಗುತ್ತದೆ.

ಮೊದಲ ಸಲ ಒಂದು ಕಣವೂ ಒಡೆಯಲಿಲ್ಲ, ಏಕೆಂದರೆ ಒಂದೇ ಸೀರಮನ್ನು ಹಲವು ಬಾರಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿ ಅದರಲ್ಲಿದ್ದ ಕಾಂಪ್ಲಿಮೆಂಟನ್ನು ಕೆಡಿಸಿದ್ದೆ. ಎರಡನೆಯ ಸಲ ಸೀರಮ್ ಹಾಕದ ನಳಿಕೆಯೂ ಕೆಂಪಾಯಿತು. ಕುರಿಯ ರಕ್ತ ತೀರ ಹಳೆಯದಾಗಿತ್ತು. ಅಂದಿನಿಂದ ಸೀರಮನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡುತ್ತೇನೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡುವುದಿಲ್ಲ, ಮತ್ತು ತಿಳಿಯಲ್ಲಿ ಬಣ್ಣ ಕಾಣದಾಗುವವರೆಗೆ ಕಣಗಳನ್ನು ತೊಳೆಯುತ್ತೇನೆ.

ಮೂರನೆಯ ಸಲ ಮೊಲದ ಕಣಗಳು ಒಡೆದು ತಿಳಿ ಕಡುಗೆಂಪಾಯಿತು. ಅದೇ ಸೀರಮಿನಲ್ಲಿ ಕುರಿಯ ಕಣಗಳು ಮಾತ್ರ ಹಾಗೆಯೇ ಉಳಿದವು. ಎರಡೂ ಮನುಷ್ಯರಿಗೆ ಪರಕೀಯವೇ ಆಗಿರುವಾಗ ಈ ಭೇದವೇಕೆ? ಕುರಿಯ ಕಣದ ಮೈಮೇಲೆ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಜಾತಿಯ ಅಣು ಹೇರಳವಾಗಿದ್ದು, ಮನುಷ್ಯರ ಸೀರಮಿನಲ್ಲಿರುವ ಫ್ಯಾಕ್ಟರ್ ಎಚ್ ಅದನ್ನು ಗುರುತಿಸಿ ಅಲ್ಲಿ ನೆಲೆಯೂರುತ್ತದೆ. ಇಪ್ಪತ್ತು ಮಣಿಗಳ ಸರದಂತಿರುವ ಈ ಪ್ರೋಟೀನಿನ ಮೊದಲ ನಾಲ್ಕು ಮಣಿಗಳು, ಸಿ3ಬಿ ಮತ್ತು ಬಿಬಿ ಎಂಬ ಕಾಂಪ್ಲಿಮೆಂಟ್ ತುಣುಕುಗಳು ಸೇರಿ ಆಗುವ, ದಾಳಿಯನ್ನು ಮುಂದುವರಿಸುವ ಕಿಣ್ವವನ್ನು ಬಿಡಿಸಿ ಹಾಕುವುದರ ಜೊತೆಗೆ, ಸಿ3ಬಿಯನ್ನು ಕತ್ತರಿಸುವುದರಲ್ಲಿ ಫ್ಯಾಕ್ಟರ್ ಐ ಎಂಬ ಇನ್ನೊಂದು ಕಿಣ್ವಕ್ಕೆ ನೆರವಾಗುತ್ತವೆ. ಮೈಯನ್ನು ಗುರುತಿಸುವ ಕೆಲಸ ಮುಖ್ಯವಾಗಿ ಕೊನೆಯ ಎರಡು ಮಣಿಗಳದು. ನ್ಯೂರಮಿನಿಡೇಸ್ ಕಿಣ್ವದಿಂದ ಸಿಯಾಲಿಕ್ ಆಮ್ಲವನ್ನು ಕಿತ್ತು ನೋಡಿದಾಗ ಕುರಿಯ ಕಣಗಳೂ ಒಡೆದವು.

ನನ್ನನ್ನು ಬೆರಗುಗೊಳಿಸಿದ್ದು ಇದರ ಮುಂದಿನ ಪ್ರಯೋಗ. 19 ಮತ್ತು 20ನೆಯ ಮಣಿಗಳನ್ನು ಮಾತ್ರ ಪ್ರತ್ಯೇಕವಾಗಿ ತಯಾರಿಸಿ, ಸೀರಮಿನಲ್ಲಿದ್ದ ಫ್ಯಾಕ್ಟರ್ ಎಚ್‌ಗಿಂತ ಹಲವು ಪಟ್ಟು ಹೆಚ್ಚಾಗಿ ಸೇರಿಸಿದೆ. ಕಾವಲುಗಾರನ ತುಂಡನ್ನೇ ಹಾಕಿದರೆ ಕಾವಲು ಹೆಚ್ಚಬೇಕೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಆ ತುಂಡು ಜಾಗವನ್ನು ಹಿಡಿದುಕೊಳ್ಳಬಲ್ಲದೇ ಹೊರತು ಕೆಲಸ ಮಾಡಲಾರದು. ಇಡೀ ಪ್ರೋಟೀನಿಗೆ ನಿಲ್ಲಲು ಎಡೆಯಿಲ್ಲದೆ, ಏನೂ ಕಿತ್ತಿರದ ಕುರಿಯ ಕಣಗಳೇ ಒಡೆದುಹೋದವು. ಎಟಿಪಿಕಲ್ ಎಚ್‌ಯುಎಸ್ ಎಂಬ ಮೂತ್ರಪಿಂಡದ ಕಾಯಿಲೆಯಲ್ಲಿ ಫ್ಯಾಕ್ಟರ್ ಎಚ್‌ನ ವಂಶವಾಹಿ ದೋಷಗಳು ಈ ಬಾಲದ ಭಾಗದಲ್ಲಿಯೇ ಗುಂಪುಗೂಡಿರುವುದು, ಭಾರತದ ಅನೇಕ ಮಕ್ಕಳಲ್ಲಿ ಈ ಕಾಯಿಲೆಗೆ ಕಾರಣವಾಗುವ ಪ್ರತಿಕಾಯಗಳು ಹೆಚ್ಚಾಗಿ ಇಲ್ಲಿಯೇ ಅಂಟಿಕೊಳ್ಳುವುದು ನನಗೆ ಆಗ ಅರ್ಥವಾಯಿತು. ಅಂತಹವರ ರಕ್ತದಲ್ಲಿ ಫ್ಯಾಕ್ಟರ್ ಎಚ್‌ನ ಪ್ರಮಾಣ ಸರಿಯಾಗಿಯೇ ಇರಬಹುದಾದ್ದರಿಂದ, ಪ್ರಮಾಣವನ್ನಷ್ಟೇ ಅಳೆಯುವ ಪರೀಕ್ಷೆಯನ್ನು ನಾನು ನೆಚ್ಚುವುದಿಲ್ಲ.

ಕೊನೆಯ ನಳಿಕೆಗೆ ಆ ತುಂಡಿನೊಂದಿಗೆ ಶುದ್ಧೀಕರಿಸಿದ ಇಡೀ ಫ್ಯಾಕ್ಟರ್ ಎಚ್‌ನ್ನೂ ಹೆಚ್ಚಾಗಿ ಹಾಕಿದ್ದೆ. ಅದರ ತಿಳಿ ನಸುಗೆಂಪಿಗೆ ಇಳಿದಿತ್ತು.