‘ಇನ್‌ಸರ್ಮೌಂಟಬಲ್’ ಪದವನ್ನು ನಾನು ಕಲಿಸುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಗೆ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಗೆ ಅವರು ಓದುವ ಪದಪಟ್ಟಿಗಳಲ್ಲಿ ‘ಇನ್‌ಸರ್ಮೌಂಟಬಲ್’ ಬರುತ್ತದೆ, ಎದುರಿಗೆ ‘ದಾಟಲಾಗದ’ ಎಂದಷ್ಟೇ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದವರಿಗೆ ವಾಕ್ಯ ಮಾಡಿ ಎಂದರೆ ಶಿರಾಡಿ ಘಾಟಿಯ ರಸ್ತೆಗೆ, ತುಂಬಿದ ಹೊಳೆಗೆ, ಕಾಂಪೌಂಡ್ ಗೋಡೆಗೆ, ಎಲ್ಲಕ್ಕೂ ಇದನ್ನೇ ಹಚ್ಚುತ್ತಾರೆ. ಅರ್ಥ ಹೊಂದುತ್ತದೆ, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಒಗ್ಗುವುದಿಲ್ಲ.

ಹಾಗಾಗಿ ನಾನು ಮೊದಲು ಪದವನ್ನು ಬೋರ್ಡಿನ ಮೇಲೆ ಬಿಡಿಸಿ ಬರೆಯುತ್ತೇನೆ: ಇನ್, ಸರ್, ಮೌಂಟ್, ಏಬಲ್. ‘ಸರ್‌ಮೌಂಟ್’ ಹಳೆಯ ಫ್ರೆಂಚಿನಿಂದ ಬಂದದ್ದು. ‘ಸರ್’ ಅಂದರೆ ಮೇಲೆ, ‘ಮೌಂಟ್’ ಅಂದರೆ ಹತ್ತುವುದು. ಅದರ ಬೇರು ಬೆಟ್ಟ ಎಂಬರ್ಥದ ಲ್ಯಾಟಿನ್ ಪದ. ಬ್ಯಾಂಕಿನ ಚಲನ್ನಿನಲ್ಲಿ ಕಾಣುವ ‘ಅಮೌಂಟ್’ ಕೂಡ ಅದೇ ಬೇರಿನದು ಎಂದಾಗ ಮಕ್ಕಳ ಮುಖ ಅರಳುತ್ತದೆ. ಆಮೇಲೆ ಆ ಪದ ಅವರಿಗೆ ಮರೆಯುವುದಿಲ್ಲ.

ಇಷ್ಟಾದರೂ ನಿಜವಾದ ಬೆಟ್ಟಕ್ಕೆ ಈ ಪದ ಬಳಸುವುದು ಕಡಿಮೆ. ಪ್ರಾಬ್ಲಮ್, ಡಿಫಿಕಲ್ಟಿ, ಆಬ್‌ಸ್ಟಕಲ್, ಬ್ಯಾರಿಯರ್, ಆಡ್ಸ್ (ಪ್ರತಿಕೂಲ ಸ್ಥಿತಿ), ಇವು ಇದರ ಜೊತೆಗಾರರು. ಗುಡ್ಡ ಕುಸಿದು ಬಂದಾದ ರಸ್ತೆ ‘ಇಂಪಾಸಬಲ್’. ನುಗ್ಗಲಾಗದ ದಟ್ಟ ಕಾಡು, ಎದುರಿನದು ಕಾಣಿಸದ ಮಂಜು, ತಲೆಬುಡ ತಿಳಿಯದ ಕಾನೂನಿನ ಭಾಷೆ ‘ಇಂಪೆನಿಟ್ರಬಲ್’. ‘ಇನ್‌ಸೂಪರಬಲ್’ ಅರ್ಥದಲ್ಲಿ ಇದಕ್ಕೆ ತೀರಾ ಹತ್ತಿರ, ಆದರೆ ಗಂಭೀರ ಬರಹದ ಪದ.

ಮಕ್ಕಳ ಕೈಲಿರುವ ಕಿರುನಿಘಂಟು ಹೇಳದ ಒಂದು ಸಂಗತಿ ಇದೆ. ಪತ್ರಿಕೆಗಳಲ್ಲಿ ಅನೇಕ ಸಲ ಈ ಪದ ‘ಸೀಮಿಂಗ್ಲಿ’ (ಮೇಲ್ನೋಟಕ್ಕೆ), ‘ಆಲ್ಮೋಸ್ಟ್’ ಅಥವಾ ‘ನಾಟ್’ ಜೊತೆಗೂಡಿ ಬರುತ್ತದೆ. ಇದನ್ನು ಹೇಳಿಕೊಡಲು ನಾನು ಹಿಡಿಯುವುದು ಕ್ರಿಕೆಟ್ಟನ್ನು. 2001, ಕೋಲ್ಕತ್ತದ ಈಡನ್ ಗಾರ್ಡನ್ಸ್. ಟೆಸ್ಟ್ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಆಸ್ಟ್ರೇಲಿಯಾ 445, ಭಾರತ 171. ಹಿನ್ನಡೆ 274, ಫಾಲೋ ಆನ್, ಅಂದರೆ ಭಾರತವೇ ಮತ್ತೆ ಬ್ಯಾಟಿಂಗ್‌ಗೆ ಇಳಿಯಬೇಕಾಯಿತು. ಆ 274ಕ್ಕೆ ಯಾವ ಪದ ಹಾಕ್ತೀರಿ ಎಂದು ಕೇಳಿದೆ.

“ಇನ್‌ಸರ್ಮೌಂಟಬಲ್ ಲೀಡ್, ಸರ್” ಅಂದಳು ಒಬ್ಬಳು.

“ಕೊನೆಗೆ ನಾವೇ ಗೆದ್ವಲ್ಲ ಸರ್, ಹೆಂಗೆ ಆಗುತ್ತೆ?” ಎಂದು ಹಿಂದಿನ ಬೆಂಚಿನಿಂದ ಮಾತು ಬಂತು.

ನನಗೆ ಬೇಕಾಗಿದ್ದು ಆ ಪ್ರಶ್ನೆಯೇ. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಇಬ್ಬರ ಜೊತೆಯಾಟ 376, ಕಡೆಗೆ ಭಾರತಕ್ಕೆ 171 ರನ್ನುಗಳ ಗೆಲುವು. ಆ ಮುನ್ನಡೆಯನ್ನು ದಾಟಿ ತೋರಿಸಿದ್ದಾರೆ. ಈಗ ಅದರ ಬಗ್ಗೆ ಬರೆಯುವವರು ‘ಎ ಸೀಮಿಂಗ್ಲಿ ಇನ್‌ಸರ್ಮೌಂಟಬಲ್ ಲೀಡ್’ ಎನ್ನಬೇಕು, ಇಲ್ಲದಿದ್ದರೆ ವಾಕ್ಯ ಸುಳ್ಳಾಗುತ್ತದೆ. ಹಾಗೆಯೇ ಸಂದರ್ಶನದಲ್ಲಿ ಕಷ್ಟದ ಪ್ರಶ್ನೆ ಬಂದರೆ ‘ಡಿಫಿಕಲ್ಟ್, ಬಟ್ ನಾಟ್ ಇನ್‌ಸರ್ಮೌಂಟಬಲ್’ ಎಂದು ಹೇಳುವುದನ್ನು ಎಲ್ಲರಿಗೂ ಅಭ್ಯಾಸ ಮಾಡಿಸುತ್ತೇನೆ. ‘ವೆರಿ ಇನ್‌ಸರ್ಮೌಂಟಬಲ್’ ಬೇಡ. ದಾಟಲು ಆಗುವುದೇ ಇಲ್ಲ ಅಂದಮೇಲೆ ಅದಕ್ಕೆ ‘ತುಂಬಾ’ ಸೇರಿಸಿ ಪ್ರಯೋಜನವಿಲ್ಲ.

ಉಚ್ಚಾರಣೆ ಮಾತ್ರ ಬಾಯಲ್ಲಿ ಹೇಳಿಸಿಯೇ ಕಲಿಸಬೇಕು. ಬಿಡಿಸಿ ಬರೆದ ‘ಏಬಲ್’ ನೋಡಿ ಹಲವರು ‘ಮೌಂಟೇಬಲ್’ ಎನ್ನುತ್ತಾರೆ. ಒತ್ತು ‘ಮೌಂ’ ಮೇಲೆ ಬೀಳಬೇಕು, ಕೊನೆಯ ‘ಟಬಲ್’ ಹಗುರವಾಗಿ ಜಾರಬೇಕು.