ಮೊದಲು ಲೆಕ್ಕ, ಆಮೇಲೆ ಐಪರ್ಫ್: ಎಂ.ಟೆಕ್ ನೆಟ್‌ವರ್ಕಿಂಗ್ ನಾನು ಓದಿದ ರೀತಿ

ಮೈಸೂರಿನಲ್ಲಿ ಎಂ.ಟೆಕ್‌ನ ಅಡ್ವಾನ್ಸ್ಡ್ ಕಂಪ್ಯೂಟರ್ ನೆಟ್‌ವರ್ಕ್ಸ್ ಓದುವಾಗ ಇಟ್ಟುಕೊಂಡಿದ್ದ ಕಟ್ಟುಪಾಡು ಒಂದೇ. ಯಾವ ಪ್ರಯೋಗವನ್ನೂ ಓಡಿಸುವ ಮುಂಚೆ ಅದರ ಗ್ರಾಫ್ ಹೇಗೆ ಬರಬೇಕು ಎಂದು ಪೆನ್ನು ಹಿಡಿದು ಲೆಕ್ಕ ಹಾಕುವುದು. ಲೆಕ್ಕಕ್ಕೂ ಲ್ಯಾಪ್‌ಟಾಪಿನಲ್ಲಿ ಐಪರ್ಫ್ ಎಂಬ ವೇಗ ಅಳೆಯುವ ಸಾಧನ ತೋರಿಸುವುದಕ್ಕೂ ತಾಳೆಯಾಗದಿದ್ದರೆ ಯಾರದು ತಪ್ಪು ಎಂದು ಹುಡುಕುವುದು. ಸೆಮಿಸ್ಟರಿನ ಅರ್ಧ ಈ ಹುಡುಕಾಟಕ್ಕೇ ಹೋಗುತ್ತದೆ, ಹೋಗಲಿ.

ಓದು ಶುರು ಮಾಡಲು ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದ ಕಂಜೆಶನ್ (ನೆಟ್‌ವರ್ಕ್ ದಟ್ಟಣೆ) ಪ್ರಬಂಧವೇ ಸಾಕು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ ದೂರ. ಅಷ್ಟರಲ್ಲೇ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಬಿದ್ದಿತ್ತು. ಅದಾದ ಮೇಲೆ ಆರ್‌ಎಫ್‌ಸಿ 5681 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ; ಇದು ದಟ್ಟಣೆ ನಿಯಂತ್ರಣದ್ದು). ಚಿಕ್ಕದು, ಒಂದೇ ಕೂತಿಗೆ ಮುಗಿಯುತ್ತದೆ. ಹಳೇ ನೋಟ್ಸ್‌ಗಳಲ್ಲಿ ಟಿಸಿಪಿಗೆ, ಅಂದರೆ ಡೇಟಾ ಬಿಟ್ಟುಹೋಗದಂತೆ ತಲುಪಿಸುವ ನಿಯಮಕ್ಕೆ, ಇನ್ನೂ 1981ರ ಆರ್‌ಎಫ್‌ಸಿ 793 ಎಂದೇ ಇರುತ್ತದೆ. 2022ರಲ್ಲಿ ಅದರ ಜಾಗಕ್ಕೆ 9293 ಬಂದಿದೆ. ಟಿಸಿಪಿ ಎಷ್ಟು ವೇಗವಾಗಿ ಕಳಿಸಬೇಕು ಎಂದು ತೀರ್ಮಾನಿಸುವ ವಿಧಾನಗಳಲ್ಲಿ ರೀನೋ ಹಳೆಯದು, ಕ್ಯೂಬಿಕ್ ಹೊಸದು; ಕ್ಯೂಬಿಕ್‌ಗೆ 2023ರ 9438 ನೋಡಿ.

ಪ್ರಯೋಗಕ್ಕೆ ಹಾಸ್ಟೆಲ್ ವೈಫೈ ಬೇಡ. ಪಕ್ಕದ ರೂಮಿನವನು ಸಿನಿಮಾ ಹಾಕಿದರೆ ನಿಮ್ಮ ಗ್ರಾಫ್ ಅಲ್ಲಾಡುತ್ತದೆ. ಉಬುಂಟು ಇರುವ ಒಂದು ಲ್ಯಾಪ್‌ಟಾಪಿನೊಳಗೇ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಬೇರೆ ಬೇರೆ ಯಂತ್ರಗಳಂತೆ ನಡೆಯುವ ಕೋಣೆಗಳು) ಮಾಡಿಕೊಂಡೆ: ಕಳಿಸುವವ, ರೂಟರ್, ಪಡೆಯುವವ. ಎರಡು ಜೊತೆ ವೆತ್ (ಕೇಬಲ್ಲಿನ ಎರಡು ತುದಿಯಂತಿರುವ ವರ್ಚುವಲ್) ಇಂಟರ್‌ಫೇಸ್‌ಗಳಿಂದ ಅವನ್ನು ಸಾಲಾಗಿ ಕಟ್ಟಿ, ನಡುವಿನದರಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿದರೆ ನೆಟ್‌ವರ್ಕ್ ರೆಡಿ. ಮಿನಿನೆಟ್ ಎಂಬ ಸಿದ್ಧ ತಂತ್ರಾಂಶ ಒಳಗಡೆ ಮಾಡುವುದೂ ಇದನ್ನೇ, ಆದರೆ ಮೊದಲ ಸಲ ಕೈಯಲ್ಲೇ ಕಟ್ಟಿ. ಯಾವ ಕ್ಯೂ (ಪ್ಯಾಕೆಟ್‌ಗಳು ಸರದಿಗೆ ಕಾಯುವ ಸಾಲು, ಅದರ ಜಾಗವೇ ಬಫರ್) ಎಲ್ಲಿ ಕೂತಿದೆ ಎಂಬುದು ಮಿನಿನೆಟ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಇಡೀ ವಿಷಯ ಇರುವುದೇ ಕ್ಯೂನಲ್ಲಿ.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಕಡೆ ಹೋದವರಿಗೆ ಇದು ಗೊತ್ತಿರುವ ನೋಟ. ಕಾರ್ಖಾನೆಯ ವೇಬ್ರಿಡ್ಜ್ ಒಂದೇ, ಗಾಡಿಗಳು ನೂರು. ರಸ್ತೆ ಅಗಲ ಮಾಡಿದರೆ ಹೆಚ್ಚು ಗಾಡಿ ಕಾಯಬಹುದು, ತೂಕ ಮುಗಿಯುವುದೇನೂ ಬೇಗ ಆಗುವುದಿಲ್ಲ. ಬಫರ್ ಅಂದರೆ ಆ ರಸ್ತೆ, ಲಿಂಕಿನ ವೇಗ ಅಂದರೆ ಆ ವೇಬ್ರಿಡ್ಜ್.

ನನ್ನ ಮೊದಲ ವೇಬ್ರಿಡ್ಜ್ 10 ಮೆಗಾಬಿಟ್, ಹೋಗಿಬರುವ ಸಮಯ 40 ಮಿಲಿಸೆಕೆಂಡ್. ಈ 40 ಸುಮ್ಮನೆ ಆರಿಸಿದ್ದಲ್ಲ: ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಇಲ್ಲಿಂದ ಸಿಂಗಾಪುರಕ್ಕೆ ಸುಮಾರು 3,200 ಕಿಲೋಮೀಟರ್, ನೇರ ಗೆರೆ ಎಳೆದರೂ ಹೋಗಿಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಇನ್ನು ಗುಣಾಕಾರ. 1 ಕೋಟಿ ಬಿಟ್ × 0.04 ಸೆಕೆಂಡ್ = 4 ಲಕ್ಷ ಬಿಟ್, ಅಂದರೆ 50,000 ಬೈಟ್, ಅಂದರೆ ದೊಡ್ಡ ಪ್ಯಾಕೆಟ್ 33. ದಾರಿಯಲ್ಲಿ ಹಿಡಿಸುವುದು ಇಷ್ಟೇ. ಕ್ಯೂಗೂ ಅಷ್ಟೇ ಜಾಗ ಕೊಟ್ಟರೆ ರೀನೋ ವಿಂಡೋ (ಉತ್ತರಕ್ಕೆ ಕಾಯದೆ ದಾರಿಗೆ ಬಿಡಬಹುದಾದ ಪ್ಯಾಕೆಟ್‌ಗಳ ಸಂಖ್ಯೆ) 66ಕ್ಕೆ ಏರಿ, ಪ್ಯಾಕೆಟ್ ಬಿದ್ದು, 33ಕ್ಕೆ ಇಳಿಯಬೇಕು. ಪ್ರತಿ ಸುತ್ತಿಗೆ ಒಂದೊಂದೇ ಏರುವುದರಿಂದ 33 ಸುತ್ತು. ಕ್ಯೂ ತುಂಬುತ್ತಾ ಸುತ್ತಿನ ಸಮಯ 40ರಿಂದ 80ಕ್ಕೆ ಹೋಗುತ್ತದೆ, ಸರಾಸರಿ 60. ಹೀಗೆ ಏರಿ ಇಳಿಯುವ ಗ್ರಾಫ್ ಗರಗಸದಂತೆ ಕಾಣುತ್ತದೆ; ಅದರ ಒಂದು ಹಲ್ಲಿಗೆ ಸುಮಾರು 2 ಸೆಕೆಂಡ್, ಅರ್ಧ ನಿಮಿಷಕ್ಕೆ ಹೆಚ್ಚುಕಮ್ಮಿ 15 ಹಲ್ಲು. ಐಪರ್ಫ್3 ತೋರಿಸಬೇಕಾದ ವೇಗವನ್ನೂ ಮುಂಚೆಯೇ ಬರೆದಿಟ್ಟುಕೊಳ್ಳಿ: 1,514 ಬೈಟಿನ ಫ್ರೇಮಿನಲ್ಲಿ ಅಸಲು ಸರಕು 1,448 ಬೈಟ್, ಆದ್ದರಿಂದ 9.56 ಮೆಗಾಬಿಟ್. 9.9 ಬಂದರೆ ಖುಷಿಪಡಬೇಡಿ, ಎಲ್ಲೋ ಎಡವಿದ್ದೀರಿ.

ವೇಗಮಿತಿಯನ್ನು ರೂಟರಿನಿಂದ ಪಡೆಯುವವನ ಕಡೆ ಹೊರಡುವ ಇಂಟರ್‌ಫೇಸಿನಲ್ಲಿ ಟಿಬಿಎಫ್ (ಲಿನಕ್ಸಿನ ಟಿಸಿ ಕಮಾಂಡಿನಲ್ಲಿರುವ ವೇಗ ತಡೆಯುವ ಸಾಧನ) ಮೂಲಕ ಹಾಕಿದೆ: ರೇಟ್ 10 ಎಂಬಿಟ್, ಬರ್ಸ್ಟ್ 5 ಕಿಲೋಬೈಟ್, ಲಿಮಿಟ್ 50,000 ಬೈಟ್. ಇಲ್ಲಿ ಎಂಬಿಟ್ ಬದಲು ಎಂಬಿಪಿಎಸ್ ಎಂದು ಬರೆದರೆ ಟಿಸಿ ಅದನ್ನು ಸೆಕೆಂಡಿಗೆ ಮೆಗಾಬೈಟ್ ಎಂದು ಓದಿಕೊಂಡು ಎಂಟು ಪಟ್ಟು ದಾರಿ ಬಿಡುತ್ತದೆ. 40 ಮಿಲಿಸೆಕೆಂಡ್ ವಿಳಂಬವನ್ನು ಟಿಸಿಯ ಇನ್ನೊಂದು ಸಾಧನ ನೆಟೆಮ್‌ನಿಂದ ಪಡೆಯುವವನ ಹೊರಹೋಗುವ ಬದಿಯಲ್ಲಿ, ಅಂದರೆ ಆ್ಯಕ್ (ತಲುಪಿತು ಎಂಬ ಉತ್ತರ) ವಾಪಸಾಗುವ ದಾರಿಯಲ್ಲಿ ಇಟ್ಟೆ. ಕಳಿಸುವವನ ಬದಿಯಲ್ಲಂತೂ ಇಡಲೇಬೇಡಿ. ತನ್ನದೇ ಇಂಟರ್‌ಫೇಸಿನಲ್ಲಿ ಪ್ಯಾಕೆಟ್ ಇನ್ನೂ ಕೂತಿದೆ ಎಂದು ಗೊತ್ತಾದರೆ ಲಿನಕ್ಸ್ ಟಿಸಿಪಿ ಮುಂದಿನದನ್ನು ತಡೆಹಿಡಿಯುತ್ತದೆ. ಆಗ ನೀವು ಅಳೆಯುವುದು ಆ ತಡೆಯನ್ನು, ನೆಟ್‌ವರ್ಕನ್ನಲ್ಲ.

ಇಷ್ಟಾದರೂ ಗರಗಸ ಬರದಿದ್ದರೆ ನಾನು ಮೊದಲು ನೋಡುವುದು ಆಫ್‌ಲೋಡ್. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕಿನಲ್ಲಿ 64 ಕಿಲೋಬೈಟ್ ಹತ್ತಿರದ 'ಪ್ಯಾಕೆಟ್' ಕಂಡರೆ ಕರ್ನೆಲ್ ಹತ್ತಾರು ಪ್ಯಾಕೆಟ್ ಸೇರಿಸಿ ಒಂದೇ ಮೂಟೆ ಕಟ್ಟಿದೆ ಎಂದರ್ಥ. ಕ್ಯೂ ಮಿತಿಯನ್ನು ಪ್ಯಾಕೆಟ್ ಲೆಕ್ಕದಲ್ಲಿ ಕೊಟ್ಟಿದ್ದರೆ ಆ ಮೂಟೆಯೂ ಒಂದೇ ಎಂದು ಎಣಿಕೆಯಾಗುತ್ತದೆ. 33 ಪ್ಯಾಕೆಟ್ ಎಂದುಕೊಂಡ ಕ್ಯೂ 2 ಮೆಗಾಬೈಟ್ ನುಂಗುತ್ತದೆ, ಒಂದೂ ಬೀಳುವುದಿಲ್ಲ. ಈಥ್‌ಟೂಲ್ ಕಮಾಂಡಿನಿಂದ ಹೀಗೆ ಮೂಟೆ ಕಟ್ಟುವ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಮೂರನ್ನೂ ಎಲ್ಲ ನಾಲ್ಕು ಇಂಟರ್‌ಫೇಸುಗಳಲ್ಲಿ ಆಫ್ ಮಾಡಬೇಕು. ಮೂರರಲ್ಲಿ ಮಾಡಿ ಒಂದನ್ನು ಮರೆಯುವುದು ಎಲ್ಲರಿಗೂ ಆಗುವಂಥದ್ದೇ.

ಎರಡನೆಯ ಕಾಟ: ಮೊದಲ ಓಟ ಒಂದು ಥರ, ಎರಡನೆಯದು ಇನ್ನೊಂದು ಥರ. ಹಿಂದಿನ ಸಂಪರ್ಕ ಎಲ್ಲಿ ಎಡವಿತ್ತು ಎಂಬುದನ್ನು ಹಳೇ ಕರ್ನೆಲ್‌ಗಳಲ್ಲಿ ಲಿನಕ್ಸ್ ಆ ವಿಳಾಸಕ್ಕೆ ನೆನಪಿಟ್ಟುಕೊಂಡು ಮುಂದಿನ ಸ್ಲೋ ಸ್ಟಾರ್ಟನ್ನು (ಶುರುವಿನಲ್ಲಿ ವಿಂಡೋ ಬೇಗ ಏರುವ ಹಂತ) ಬೇಗ ನಿಲ್ಲಿಸುತ್ತದೆ. ಕಳಿಸುವ ನೇಮ್‌ಸ್ಪೇಸಿನಲ್ಲಿ ನೋ-ಮೆಟ್ರಿಕ್ಸ್-ಸೇವ್ ಎಂಬ ಟಿಸಿಪಿ ಸೆಟ್ಟಿಂಗನ್ನು 1 ಮಾಡಿದರೆ ಮರೆಯುತ್ತದೆ.

ವಿಂಡೋ ಅಳತೆಗೆ ಎಸ್‌ಎಸ್ ಕಮಾಂಡನ್ನು 100 ಮಿಲಿಸೆಕೆಂಡಿಗೊಮ್ಮೆ ಓಡಿಸಿ ಫೈಲಿಗೆ ಬರೆಸಿದೆ. ಐಪರ್ಫ್3 ಎರಡು ಸಂಪರ್ಕ ತೆರೆಯುತ್ತದೆ ಎಂಬುದನ್ನು ಮರೆಯಬೇಡಿ: ಒಂದು ಮಾತುಕತೆಗೆ, ಇನ್ನೊಂದು ಡೇಟಾಗೆ. ವಿಂಡೋ 10ರಲ್ಲೇ ಅಂಟಿಕೊಂಡು ನೆಟ್ಟಗೆ ಹೋಗುವ ಗೆರೆ ಬಂದರೆ ನೀವು ಹಿಡಿದಿರುವುದು ಮಾತುಕತೆಯದನ್ನು. ಲಿನಕ್ಸ್‌ನಲ್ಲಿ ವಿಂಡೋ ಶುರುವಾಗುವುದೇ 10ರಿಂದ.

ಗರಗಸ ಬಂದ ಮೇಲೆ ಕ್ಯೂ ಮಿತಿಯನ್ನು 10 ಪ್ಯಾಕೆಟ್‌ಗೆ ಇಳಿಸಿ ನೋಡಿ. ತುದಿ 43, ಅರ್ಧ ಮಾಡಿದರೆ 21 ಚಿಲ್ಲರೆ. ದಾರಿ ತುಂಬಲು ಬೇಕಾದ 33ಕ್ಕಿಂತ ಕಡಿಮೆ. ಹಲ್ಲಿನ ಮೊದಲರ್ಧದಲ್ಲಿ ಲಿಂಕ್ ಆಗಾಗ ಖಾಲಿ ಕೂರುತ್ತದೆ. ಲೆಕ್ಕದ ಪ್ರಕಾರ ಬಳಕೆ ಶೇ. 91, ವೇಗ ಸುಮಾರು 8.7 ಮೆಗಾಬಿಟ್. ಅದೇ 1,000 ಪ್ಯಾಕೆಟ್ ಹಿಡಿಸುವಷ್ಟು ಬಿಟ್ಟರೆ ವೇಗ 9.56ರಲ್ಲೇ ಇರುತ್ತದೆ, ಆದರೆ ಕ್ಯೂ ತುಂಬಿದಾಗ ಪಕ್ಕದಲ್ಲಿ ಓಡುತ್ತಿರುವ ಪಿಂಗ್ 1.2 ಸೆಕೆಂಡ್ ಮೀರುತ್ತದೆ. ಬಫರ್‌ಬ್ಲೋಟ್ ಎಂದರೇನು ಎಂದು ವೈವಾದಲ್ಲಿ ಕೇಳಿದರೆ ಈ ಎರಡು ಓಟದ ಅಂಕಿ ಸಾಕು.

ಕ್ಯೂಬಿಕ್‌ಗೆ ಬಂದಾಗ ಇದೇ 10 ಮೆಗಾಬಿಟ್‌ನಲ್ಲಿ ಓಡಿಸಿದರೆ ಘನಾಕೃತಿಯ ವಕ್ರರೇಖೆ ಕಾಣುವುದೇ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. ಬಿದ್ದ ಮೇಲೆ ಹಳೇ ತುದಿಗೆ ವಾಪಸಾಗುವ ಸಮಯ, ತುದಿಯನ್ನು 0.3ರಿಂದ ಗುಣಿಸಿ 0.4ರಿಂದ ಭಾಗಿಸಿದರೆ ಬರುವ ಸಂಖ್ಯೆಯ ಘನಮೂಲ. 66ಕ್ಕೆ ಅದು 3.7 ಸೆಕೆಂಡ್, ರೀನೋಗೆ 2 ಸಾಕಿತ್ತು. ರೀನೋಗಿಂತ ಹಿಂದೆ ಬೀಳುವ ಕಡೆ ಕ್ಯೂಬಿಕ್ ತನ್ನ ಘನ ಬಿಟ್ಟು ರೀನೋ ಥರವೇ ನಡೆಯುವಂತೆ ಬರೆದಿದ್ದಾರೆ. 100 ಮೆಗಾಬಿಟ್, 100 ಮಿಲಿಸೆಕೆಂಡ್ ಮಾಡಿ, ಆಟವೇ ಬೇರೆ: ದಾರಿ 833 ಪ್ಯಾಕೆಟ್, ಕ್ಯೂ ಸೇರಿ ತುದಿ 1,666. ರೀನೋ ಚೇತರಿಸಿಕೊಳ್ಳಲು 833 ಸುತ್ತು, ಸರಾಸರಿ 150 ಮಿಲಿಸೆಕೆಂಡಿನಂತೆ ಎರಡು ನಿಮಿಷದ ಮೇಲೆ. ಕ್ಯೂಬಿಕ್‌ಗೆ 11 ಸೆಕೆಂಡಿನೊಳಗೆ. ಓಟವನ್ನು 5 ನಿಮಿಷಕ್ಕಾದರೂ ಇಡಿ, ಇಲ್ಲದಿದ್ದರೆ ರೀನೋಗೆ ಎರಡು ಹಲ್ಲೂ ಮೂಡುವುದಿಲ್ಲ. ಟಿಸಿಪಿ ಬಫರ್ ಮಿತಿಗಳನ್ನು ಎರಡೂ ಕಡೆ 16 ಮೆಗಾಬೈಟ್‌ಗೆ ಏರಿಸಿ, ಇಲ್ಲದಿದ್ದರೆ ವಿಂಡೋ ಎಲ್ಲಿ ತಡೆಯುತ್ತಿದೆ ಎಂಬ ಅನುಮಾನ ಉಳಿಯುತ್ತದೆ. ನೆಟೆಮ್‌ನ ಡೀಫಾಲ್ಟ್ ಮಿತಿ 1,000 ಪ್ಯಾಕೆಟ್, ಅದನ್ನೂ 10,000 ಮಾಡಿಬಿಡಿ.

ಇದೇ ಸಾಲಿನ ಇನ್ನೊಂದು ವಿಧಾನ ಬಿಬಿಆರ್ ಬಗ್ಗೆ ಒಂದೇ ಮಾತು. ಲಿನಕ್ಸ್ ಕರ್ನೆಲ್‌ನಲ್ಲಿರುವ ಮೊದಲ ಆವೃತ್ತಿ ಸುಮಾರು 10 ಸೆಕೆಂಡಿಗೊಮ್ಮೆ ವಿಂಡೋವನ್ನು 4ಕ್ಕೆ ಇಳಿಸಿ 200 ಮಿಲಿಸೆಕೆಂಡ್ ಹಾಗೇ ಇರುತ್ತದೆ. ಸೆಕೆಂಡಿಗೊಂದು ಸ್ಯಾಂಪಲ್ ತೆಗೆದರೆ ಆ ಗುಂಡಿ ಎಷ್ಟೋ ಸಲ ತಪ್ಪಿಹೋಗುತ್ತದೆ; 100 ಮಿಲಿಸೆಕೆಂಡಿನ ಅಳತೆ ಇಟ್ಟದ್ದು ಇದಕ್ಕೇ.

ಮುಂದಿನ ವಿಷಯ ಬಿಜಿಪಿ, ಅಂದರೆ ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳುವ ನಿಯಮ. ಅದಕ್ಕೆ ನಾಲ್ಕು ನೇಮ್‌ಸ್ಪೇಸ್, ಒಂದೊಂದರಲ್ಲೂ ಬೇರೆ ಬೇರೆ ಎಫ್‌ಆರ್‌ಆರ್ (ರೂಟರ್ ತಂತ್ರಾಂಶ). ಸೆಷನ್ ಎಸ್ಟಾಬ್ಲಿಷ್ಡ್ ಎನ್ನುತ್ತದೆ, ರೂಟ್ ಮಾತ್ರ ಒಂದೂ ಬರುವುದಿಲ್ಲ ಎಂದಾದರೆ ಕೇಬಲ್ ಕಟ್ಟಿದ್ದರಲ್ಲಿ ತಪ್ಪು ಹುಡುಕಬೇಡಿ. ಪಾಲಿಸಿ ಬರೆಯದೆ ಹೊರಗಿನವರೊಂದಿಗೆ ರೂಟ್ ಹಂಚಬಾರದು ಎಂಬ ಆರ್‌ಎಫ್‌ಸಿ 8212ರ ನಿಯಮವನ್ನು ಅದು ಪಾಲಿಸುತ್ತಿದೆ, ಅಷ್ಟೆ. ಆಮೇಲೆ 2008ರ ಫೆಬ್ರವರಿ 24ರ ಘಟನೆಯನ್ನು ಪುಟ್ಟದಾಗಿ ಮರುಕಟ್ಟಬಹುದು. ಯೂಟ್ಯೂಬ್ ಘೋಷಿಸಿದ್ದ /22 ಪ್ರಿಫಿಕ್ಸಿನೊಳಗಿನ (ಪ್ರಿಫಿಕ್ಸ್ ಎಂದರೆ ವಿಳಾಸಗಳ ಗುಂಪು; ಸಂಖ್ಯೆ ದೊಡ್ಡದಾದಷ್ಟೂ ಪ್ರಿಫಿಕ್ಸ್ ಉದ್ದ, ಗುಂಪು ಚಿಕ್ಕದು) ಒಂದು /24 ಅನ್ನು ಪಾಕಿಸ್ತಾನ್ ಟೆಲಿಕಾಂ ಘೋಷಿಸಿದ್ದರಿಂದ ಟ್ರಾಫಿಕ್ ಅತ್ತ ತಿರುಗಿತು, ಏಕೆಂದರೆ ಉದ್ದದ ಪ್ರಿಫಿಕ್ಸ್ ಯಾವಾಗಲೂ ಗೆಲ್ಲುತ್ತದೆ. ಅಸಲಿ ಮಾಲೀಕನೂ /24 ಘೋಷಿಸಿದಾಗ ಹತ್ತಿರದ ರೂಟರುಗಳಷ್ಟೇ ಅವನ ಕಡೆ ವಾಪಸ್ ಬರುತ್ತವೆ, ದೂರದವು ಕಳ್ಳನ ಕಡೆಯೇ ಉಳಿಯುತ್ತವೆ. ಎರಡು /25 ಘೋಷಿಸಿ ನೋಡಿ: ನಾಲ್ಕೂ ರೂಟಿಂಗ್ ಟೇಬಲ್‌ಗಳಲ್ಲಿ ಆ /24 ಇನ್ನೂ ಕೂತೇ ಇರುತ್ತದೆ, ಆದರೆ ಅದರ ಮೇಲೆ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ.